ಕೊನೆಯ ರೀಲಿನಲ್ಲಿ ಬರುವ ಕಣ್ಣು

ಅಂಧ ಪಾತ್ರವಿರುವ ಚಿತ್ರಕಥೆ ಕೈಗೆ ಬಂದರೆ ಮೊದಲು ಕೊನೆಯ ಹತ್ತು ಪುಟ ತಿರುವಿ ನೋಡಬೇಕು. ಸಾಮಾನ್ಯವಾಗಿ ಅಲ್ಲಿ ನಾಯಕಿಗೆ ಕಣ್ಣು ಬಂದಿರುತ್ತದೆ, ಇಲ್ಲವೇ ಯಾರಿಗೋ ತ್ಯಾಗ ಮಾಡಿ ಸತ್ತಿರುತ್ತಾಳೆ. ಕಣ್ಣು ಕಾಣದವಳು ಹಾಗೆಯೇ ಉಳಿದು, ಸಂಬಳ ತಂದು, ಅತ್ತೆಯ ಜೊತೆ ಜಗಳವಾಡಿ, ಮಗುವನ್ನು ಶಾಲೆಗೆ ಬಿಟ್ಟು ಬರುವ ಮುಕ್ತಾಯ ಅಪರೂಪ. ಬರೆಯುವವರು ಅಂಧತ್ವವನ್ನೇ ಕಥೆಯ ಗಂಟಾಗಿ ಹಾಕಿರುತ್ತಾರೆ. ಹಾಕಿದ ಮೇಲೆ ಬಿಚ್ಚದೆ ವಿಧಿಯಿಲ್ಲ.

ಬಿಚ್ಚುವ ರೀತಿಯೂ ಸಿದ್ಧವಾಗಿದೆ. ಎರಡೂ ಕಣ್ಣಿಗೆ ಬ್ಯಾಂಡೇಜು, ಡಾಕ್ಟರು ಒಂದೊಂದೇ ಸುತ್ತು ಬಿಚ್ಚುತ್ತಾರೆ, ಮಸುಕಾದ ಫೋಕಸ್ ಸರಿಯಾಗುತ್ತದೆ, ಎದುರಿಗೆ ಪ್ರೇಮಿಯ ಮುಖ. ನೇತ್ರದಾನದಲ್ಲಿ ದೃಷ್ಟಿಗಾಗಿ ಕಸಿ ಮಾಡುವುದು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೀಗೆಯೇ: ಪ್ರತಿ ಕಾರ್ನಿಯಾದ ಮೇಲ್ಪದರ ಒಬ್ಬರಿಗೆ, ಒಳಪದರ ಇನ್ನೊಬ್ಬರಿಗೆ. ಇಡೀ ಕಣ್ಣುಗುಡ್ಡೆ ಬದಲಿಸಿ ನೋಟ ತರುವ ಶಸ್ತ್ರಚಿಕಿತ್ಸೆ ಇನ್ನೂ ಕೈಗೂಡಿಲ್ಲ. ದೃಷ್ಟಿನರವನ್ನು ಕೆಡಿಸುವ ಗ್ಲಾಕೋಮಾ, ಅಕ್ಷಿಪಟಲವನ್ನು ಸವೆಸುವ ವಂಶವಾಹಿ ರೋಗ ರೆಟಿನೈಟಿಸ್ ಪಿಗ್ಮೆಂಟೋಸಾ ಅಥವಾ ಅಪಘಾತದಲ್ಲಿ ಜಖಂಗೊಂಡ ದೃಷ್ಟಿನರಕ್ಕೆ ಕಾರ್ನಿಯಾ ಕಸಿ ಉಪಯೋಗಕ್ಕೆ ಬಾರದು. ಆದ್ದರಿಂದ ಪಾತ್ರಕ್ಕೆ ಕಣ್ಣು ಹೋದದ್ದು ಯಾವುದರಿಂದ ಎಂಬುದನ್ನು ಒನ್‌ಲೈನ್ (ದೃಶ್ಯಗಳ ಚುಟುಕು ಪಟ್ಟಿಯ) ಹಂತದಲ್ಲೇ ನಿಗದಿ ಮಾಡಿಕೊಳ್ಳಿ. ತಲೆಗೆ ಪೆಟ್ಟು ಬಿದ್ದು ಹೋದ ದೃಷ್ಟಿ ಇಂಟರ್ವಲ್ ನಂತರ ಇನ್ನೊಂದು ಪೆಟ್ಟಿಗೆ ಮರಳಿ ಬರುವ ಧಾರಾವಾಹಿಗಳ ಬಗ್ಗೆ ಹೇಳದಿರುವುದೇ ವಾಸಿ.

ಕಸಿ ಯಶಸ್ವಿಯಾದರೂ ಬ್ಯಾಂಡೇಜಿನ ದೃಶ್ಯ ನಡೆಯುವುದಿಲ್ಲ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಕಣ್ಣು. ನೋಟ ತಿಳಿಯಾಗಲು ತಿಂಗಳುಗಟ್ಟಲೆ ಬೇಕು. ನಡುವೆ ಹೊಲಿಗೆ, ದಿನಾ ಹನಿ, ದೇಹ ಕಸಿಯನ್ನು ತಿರಸ್ಕರಿಸುವ ಭಯ. ಹುಟ್ಟಾ ಕಾಣದವರ ವಿಷಯವಂತೂ ಬೇರೆಯೇ. ಹುಟ್ಟು ಅಂಧ ಮಕ್ಕಳಿಗೆ ಚಿಕಿತ್ಸೆ ಕೊಡಿಸಿ ಅವರು ನೋಡಲು ಕಲಿಯುವ ಬಗೆಯನ್ನು ಅಭ್ಯಸಿಸುವ, ವಿಜ್ಞಾನಿ ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ಮಕ್ಕಳಿಗೆ ಆಗಷ್ಟೇ ಮುಟ್ಟಿ ತಿಳಿದ ವಸ್ತುವನ್ನು ಕಣ್ಣಿಂದ ಗುರುತಿಸಲು ಆಗಲಿಲ್ಲ. ಕೆಲ ದಿನಗಳಲ್ಲಿ ಕಲಿತರು. ಹಾಗಿರುವಾಗ ಪ್ರೇಮಿಯ ಮುಖ ತಕ್ಷಣ ಗುರುತಾಗುವುದೆಲ್ಲಿಂದ? ಆತ ಬಾಯಿ ಬಿಟ್ಟರೆ ಗುರುತು ಹತ್ತುತ್ತದೆ. ಒಳ್ಳೆಯ ನಿರ್ದೇಶಕರಿಗೆ ಇದರಲ್ಲೇ ದೃಶ್ಯವಿದೆ.

ನಟನೆಯ ತಪ್ಪುಗಳಲ್ಲಿ ದೊಡ್ಡದು ಎರಡೂ ಕೈ ಮುಂದೆ ಚಾಚಿ, ಕಣ್ಣು ಮಿಟುಕಿಸದೆ ನಡೆಯುವುದು. ಬಿಳಿ ಕೋಲಿಗೆ ಒಂದು ಲೆಕ್ಕವಿದೆ. ನೆಟ್ಟಗೆ ನಿಲ್ಲಿಸಿದರೆ ಸುಮಾರು ಎದೆಯ ಮಟ್ಟಕ್ಕೆ ಬರಬೇಕು. ತುದಿ ಭುಜದ ಅಗಲಕ್ಕಿಂತ ಚೂರು ಹೆಚ್ಚು ಅಗಲದಲ್ಲಿ ಅತ್ತಿತ್ತ ಆಡುತ್ತದೆ. ಬಲಗಾಲು ಮುಂದೆ ಹೋಗುವಾಗ ತುದಿ ಎಡಕ್ಕೆ, ಎಡಗಾಲು ಹೋಗುವಾಗ ಬಲಕ್ಕೆ. ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಮೊದಲೇ ತಡವಿ ನೋಡಿರುತ್ತದೆ. ಕಾಲು ಮತ್ತು ತುದಿ ಒಂದೇ ಕಡೆಗೆ ಹೋದರೆ ನಟ ಕಲಿತಿಲ್ಲ ಎಂದು ಬಲ್ಲವರಿಗೆ ಗೊತ್ತಾಗುತ್ತದೆ. ಸೊಂಟದಿಂದ ಮೇಲಿನದು ಕೋಲಿಗೆ ಸಿಗದು: ತೆರೆದಿಟ್ಟ ಕಿಟಕಿ ಬಾಗಿಲು, ಅಂಗಡಿಯ ತಗ್ಗಿನ ಬೋರ್ಡು, ನಿಂತ ಲಾರಿಯ ಹಿಂಬದಿ. ಹಣೆಗೆ ಗಾಯವಾಗುವುದು ಇವುಗಳಿಂದ. ಜೊತೆಗಾರರು ರಟ್ಟೆ ಹಿಡಿದು ತಳ್ಳಿಕೊಂಡು ಹೋಗುವುದೂ ತಪ್ಪು. ಅಂಧ ವ್ಯಕ್ತಿ ಅವರ ಮೊಣಕೈಯ ಸ್ವಲ್ಪ ಮೇಲೆ ಹಿಡಿದು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲು, ತಿರುವು ಎಲ್ಲ ಆ ತೋಳಿನ ಚಲನೆಯಲ್ಲೇ ತಿಳಿಯುತ್ತದೆ.

ಎಲ್ಲರಿಗೂ ಪೂರ್ತಿ ಕತ್ತಲೂ ಇರುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 3/60ಕ್ಕಿಂತ ಕಡಿಮೆಯಿದ್ದರೂ (ಸರಿಯಾದ ಕಣ್ಣಿಗೆ 60 ಮೀಟರಿನಿಂದ ಕಾಣುವುದು 3 ಮೀಟರಿನಿಂದಲೂ ಕಾಣದಿದ್ದರೂ), ನೋಟದ ವ್ಯಾಪ್ತಿ 10 ಡಿಗ್ರಿಗಿಂತ ಕಿರಿದಾಗಿದ್ದರೂ ಅಂಧತ್ವವೇ. ವ್ಯಾಪ್ತಿ ಕಿರಿದಾದವರು ಬಸ್ ಸ್ಟಾಪಿನಲ್ಲಿ ಪತ್ರಿಕೆ ಓದಿ, ಎದ್ದು ಕೋಲು ಬಿಡಿಸಿಕೊಂಡು ಹೋಗಬಹುದು. ನೋಡಿದವರು ನಾಟಕ ಎನ್ನುತ್ತಾರೆ. ಈ ಅನುಮಾನವೇ ಎರಡು ಎಪಿಸೋಡಿಗೆ ಸಾಕಾಗುವ ಸರಕು.

ಫೋನು ಬಳಸುವುದನ್ನು ತೋರಿಸಿದರೆ ಪಾತ್ರ ಈ ಕಾಲದ್ದಾಗುತ್ತದೆ. ಟಾಕ್‌ಬ್ಯಾಕ್ ಎಂಬ ಪರದೆ ಓದುವ ಸೌಲಭ್ಯ ಹಾಕಿದ ಫೋನಿನಲ್ಲಿ ಬೆರಳು ಸರಿದಲ್ಲೆಲ್ಲ ದನಿ ಓದುತ್ತದೆ, ತೆರೆಯಲು ಎರಡು ಸಲ ತಟ್ಟಬೇಕು. ರೂಢಿಯಾದವರ ದನಿಯ ವೇಗ ಪಕ್ಕದವರಿಗೆ ಅರ್ಥವೇ ಆಗದು. ಆ್ಯಪ್ ಮಾಡಿದವರು ಚಿತ್ರದ ಬಟನ್ನಿಗೆ ಹೆಸರು ಕೊಟ್ಟಿಲ್ಲದಿದ್ದರೆ ಅದು ‘ಬಟನ್, ಬಟನ್’ ಎಂದಷ್ಟೇ ಅನ್ನುತ್ತದೆ. ಇಯರ್‌ಫೋನ್ ಮರೆತ ದಿನ ಬ್ಯಾಂಕಿನ ಸಾಲಿನಲ್ಲಿ ಒಟಿಪಿ ಗಟ್ಟಿಯಾಗಿ ಕೇಳಿಸುತ್ತದೆ. ಬ್ರೈಲ್ ಓದಿಸುವುದಾದರೆ ಪುಟವನ್ನು ಉಜ್ಜಿಸಬೇಡಿ. ತೋರುಬೆರಳು ಸಾಲಿನ ಮೇಲೆ ಎಡದಿಂದ ಬಲಕ್ಕೆ ಹಗುರಾಗಿ ಹರಿಯುತ್ತದೆ. ಬ್ರೈಲ್ ಸ್ಲೇಟು (ಹಾಳೆ ಸಿಕ್ಕಿಸುವ ಚೌಕಟ್ಟು), ಸ್ಟೈಲಸ್ (ಚುಕ್ಕೆ ಒತ್ತುವ ಮೊನಚು ಕಡ್ಡಿ) ಹಿಡಿದು ಬರೆಯುವಾಗ ಮಾತ್ರ ಬಲದಿಂದ ಎಡಕ್ಕೆ, ಏಕೆಂದರೆ ಚುಕ್ಕೆ ಏಳುವುದು ಹಾಳೆಯ ಹಿಂಬದಿಗೆ.

ಸಮಸ್ಯೆಯನ್ನು ಕಣ್ಣಿನ ಹೊರಗಿಡುವುದು ಹೇಗೆಂಬುದಕ್ಕೆ ಮಹಾಭಾರತವೇ ಇದೆ. ಹುಟ್ಟು ಕುರುಡನೆಂದು ಹಿರಿಯ ಧೃತರಾಷ್ಟ್ರನನ್ನು ಬಿಟ್ಟು ಪಾಂಡುವಿಗೆ ಪಟ್ಟ ಕಟ್ಟಿದರು. ಆದಿಪರ್ವದಲ್ಲಿ ದುರ್ಯೋಧನ ಅಪ್ಪನ ಮುಂದೆ ಇದೇ ನೋವನ್ನು ಎತ್ತುತ್ತಾನೆ. ಕಥೆಯನ್ನು ನಡೆಸುವುದು ಆ ಕಟ್ಟಳೆ ಮತ್ತು ಅದು ಬಿಟ್ಟ ಕಹಿ. ನಾವು ಅದನ್ನೆಲ್ಲ ಬಿಟ್ಟು ‘ಕುರುಡು ಪುತ್ರಮೋಹ’ವನ್ನು ಮಾತ್ರ ಇಟ್ಟುಕೊಂಡೆವು.

2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ದೃಶ್ಯಮಾಧ್ಯಮದಲ್ಲಿ ಅಂಗವೈಕಲ್ಯದ ಚಿತ್ರಣದ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಹಾಸ್ಯವನ್ನು ಕೋರ್ಟ್ ನಿಷೇಧಿಸಲಿಲ್ಲ; ವೈಕಲ್ಯವನ್ನು ಅರ್ಥ ಮಾಡಿಸುವ ನಗುವನ್ನೂ ವ್ಯಕ್ತಿಯನ್ನು ಕೀಳಾಗಿಸುವ ನಗುವನ್ನೂ ಬೇರ್ಪಡಿಸಿತು. ಇರುಳುಗಣ್ಣಿನಂಥ ಸ್ಥಿತಿಯನ್ನು ತೋರಿಸುವ ಮುನ್ನ ವೈದ್ಯಕೀಯ ಮಾಹಿತಿ ಪರಿಶೀಲಿಸಿ, ವಿಕಲಚೇತನರನ್ನೇ ಕೇಳಿ ಎಂದಿತು. ಕೇಳುವುದಾದರೆ ಬೌಂಡ್ ಸ್ಕ್ರಿಪ್ಟ್ (ಚಿತ್ರೀಕರಣಕ್ಕೆ ಸಿದ್ಧವಾದ ಪೂರ್ತಿ ಚಿತ್ರಕಥೆ) ಆಗುವ ಮುಂಚೆ ಕೇಳಿ, ಸಂಭಾವನೆ ಕೊಟ್ಟು ಕೇಳಿ. ಡಬ್ಬಿಂಗ್ ಹೊತ್ತಿಗೆ ಕರೆದರೆ ಅವರು ಒಂದೆರಡು ಬೈಗುಳ ತೆಗೆಸಬಹುದಷ್ಟೇ, ಕ್ಲೈಮ್ಯಾಕ್ಸ್ ತಿದ್ದಲು ಆಗದು.

ಶ್ರವಣ ವಿವರಣೆಯ ಯೋಚನೆಯೂ ಚಿತ್ರಕಥೆಯ ಹಂತದಲ್ಲೇ ಇರಲಿ. ಪರದೆಯ ಮೇಲೆ ನಡೆಯುವುದನ್ನು ಹೇಳುವ ದನಿಗೆ ಜಾಗ ಸಿಗುವುದು ಸಂಭಾಷಣೆಗಳ ನಡುವಿನ ಬಿಡುವಿನಲ್ಲಿ. ಎರಡು ಮಾತಿನ ನಡುವೆ ಮೂರು ನಾಲ್ಕು ಸೆಕೆಂಡೂ ಬಿಡದೆ ಹಿನ್ನೆಲೆ ಸಂಗೀತ ತುಂಬುವ ನಮ್ಮ ಧಾರಾವಾಹಿಗಳಲ್ಲಿ, ನಾಯಕಿ ಪತ್ರ ಹರಿದಳೋ ಮಡಚಿಟ್ಟಳೋ ಎಂದು ಹೇಳಲೂ ಆ ದನಿಗೆ ಎಡೆಯಿಲ್ಲ.