ಬಿಂದಿಗೆ ದೊಡ್ಡದು, ಕಂಠ ಕಿರಿದು

ಹೋದ ತಿಂಗಳು ಹದಿಮೂರು ವರ್ಷದ ಹುಡುಗನೊಬ್ಬ ನಮ್ಮಲ್ಲಿ ಸ್ಪೈರೋಮೀಟರಿಗೆ, ಅಂದರೆ ಉಸಿರು ಅಳೆಯುವ ಯಂತ್ರಕ್ಕೆ, ಊದುತ್ತಿದ್ದ. ಪಕ್ಕದಲ್ಲಿ ನಿಂತ ಟೆಕ್ನೀಷಿಯನ್ "ಊದು, ಊದು, ಇನ್ನೂ ಊದು, ಬಿಡಬೇಡ" ಅಂತ ಕೂಗುತ್ತಿದ್ದರು. ಹೊರಗೆ ಕೂತವರಿಗೆ ಒಳಗೇನೋ ಜಗಳ ಅನ್ನಿಸಿರಬೇಕು. ಹುಡುಗನ ತೂಕ 64 ಕಿಲೋ. ಮೆಟ್ಟಿಲು ಹತ್ತಿದರೆ ಏದುಸಿರು. ಆಟದ ಪೀರಿಯಡ್‌ನಲ್ಲಿ ಮೂಲೆ ಹಿಡಿಯುತ್ತಾನೆ. ಜೊತೆಗೆ ಬಂದಿದ್ದ ಅಜ್ಜಿಯದು ಒಂದೇ ಮಾತು: "ಎತ್ತರ ಆದಾಗ ಎಲ್ಲಾ ಎಳ್ಕೊಳ್ಳುತ್ತೆ ಬಿಡಿ."

ಅವನು ಒಟ್ಟು ಊದಿದ ಗಾಳಿ ಆ ಎತ್ತರದ ಹುಡುಗರಿಗಿಂತ ಜಾಸ್ತಿಯೇ ಇತ್ತು. ಆದರೆ ಅದರಲ್ಲಿ ಮೊದಲ ಸೆಕೆಂಡಿನಲ್ಲಿ ಹೊರಬಂದದ್ದು ಶೇ. 74 ಮಾತ್ರ. ಈ ವಯಸ್ಸಿಗೆ 85ರ ಆಸುಪಾಸು ಇರಬೇಕು.

ದಪ್ಪ ಮಕ್ಕಳಲ್ಲಿ ಇದನ್ನು ಆಗಾಗ ನೋಡುತ್ತೇವೆ. ಶ್ವಾಸಕೋಶ ದೊಡ್ಡದಾಗುತ್ತದೆ, ಗಾಳಿ ಓಡಾಡುವ ಕೊಳವೆಗಳು ಅದೇ ಅಳತೆಗೆ ಬೆಳೆಯುವುದಿಲ್ಲ. ಬಿಂದಿಗೆ ದೊಡ್ಡದು, ಕಂಠ ಕಿರಿದು. ಇಂಥವರಿಗೆ ಅಸ್ತಮಾ ಬಂದರೆ ಇನ್‌ಹೇಲರ್ ಕೂಡ ಅಷ್ಟು ಚೆನ್ನಾಗಿ ಕೇಳುವುದಿಲ್ಲ.

ದೊಡ್ಡವರಾದ ಮೇಲೆ ದಪ್ಪಗಾದವರ ತೊಂದರೆ ಬೇರೆ. ಅವರಲ್ಲಿ ಹೊಟ್ಟೆಯ ಕೊಬ್ಬು ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ಮೇಲಕ್ಕೆ ತಳ್ಳುತ್ತದೆ. ಶೂ ಲೇಸ್ ಕಟ್ಟಲು ಬಗ್ಗಿದರೆ ದಮ್ಮು, ಅಂಗಾತ ಮಲಗಿದರೆ ದಮ್ಮು. ತೂಕ ಇಳಿದರೆ ಇದು ಬಹುಪಾಲು ಸರಿಹೋಗುತ್ತದೆ. ಕೊಳವೆಯ ಮಾತು ಹಾಗಲ್ಲ. ಶ್ವಾಸಕೋಶ ಬೆಳೆಯುವುದು ಇಪ್ಪತ್ತು, ಇಪ್ಪತ್ತೈದು ವರ್ಷದ ತನಕ. ಆಮೇಲೆ ಇಳಿಮುಖವೇ. ಅಲ್ಲಿಯವರೆಗೆ ಎಷ್ಟು ಕೂಡಿಟ್ಟಿರುತ್ತೇವೋ ಅದರಲ್ಲೇ ಮುಂದಿನ ಬದುಕಿನ ಖರ್ಚು ನಡೆಯಬೇಕು, ಅಲ್ವಾ?

ಸ್ಟಾಕ್‌ಹೋಮ್‌ನಲ್ಲಿ 1994ರಿಂದ 96ರ ನಡುವೆ ಹುಟ್ಟಿದ ನಾಲ್ಕು ಸಾವಿರ ಮಕ್ಕಳನ್ನು ಸಂಶೋಧಕರು ದೊಡ್ಡವರಾಗುವವರೆಗೂ ಹಿಂಬಾಲಿಸಿದ್ದಾರೆ. ಅವರಲ್ಲಿ ಚಿಕ್ಕಂದಿನಿಂದ ದಪ್ಪಗೇ ಉಳಿದವರಿಗೆ ಮತ್ತು ವರ್ಷವರ್ಷಕ್ಕೂ ದಪ್ಪವಾಗುತ್ತಾ ಹೋದವರಿಗೆ 24ನೇ ವಯಸ್ಸಿನಲ್ಲಿ ಗಾಳಿಯ ದಾರಿ ಬಿಗಿಯಾಗಿತ್ತು. ದಪ್ಪಗಿದ್ದೂ ಹರೆಯಕ್ಕೆ ಮುಂಚೆ ಹದಕ್ಕೆ ಬಂದವರಿಗೆ ಈ ನಷ್ಟ ಕಾಣಲಿಲ್ಲ. ನನಗೆ ಇದು ದೊಡ್ಡ ಸಮಾಧಾನದ ಸುದ್ದಿ. ಇನ್ನೊಂದು ಗುಂಪಿನ ಬಗ್ಗೆ ಮಾತ್ರ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸದಾ ತೀರಾ ತೆಳ್ಳಗೇ ಇದ್ದವರ ಶ್ವಾಸಕೋಶವೂ ಪೂರ್ತಿ ಬೆಳೆದಿರಲಿಲ್ಲ.

ಸಣಕಲು ಮಕ್ಕಳ ಕಥೆ ತಿಳಿಯಲು ನಾವು ಸ್ವೀಡನ್ನಿಗೆ ಹೋಗಬೇಕಿಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಅಂದರೆ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ಹಾಗೆ ಅಲ್ಲಿ ಹುಟ್ಟಿದ 286 ಜನರನ್ನು ನಡುವಯಸ್ಸಿನಲ್ಲಿ ಹುಡುಕಿ ಊದಿಸಿದರು. 1997ರಲ್ಲಿ ಫಲಿತಾಂಶ ಪ್ರಕಟವಾಯಿತು. ಹುಟ್ಟುವಾಗ ತೂಕ ಕಡಿಮೆ ಇದ್ದಷ್ಟೂ ಉಸಿರಿನ ಬಲ ಕಡಿಮೆ. ಯಾರೋ ನರ್ಸಮ್ಮ ಸುಮ್ನೆ ದಿನದ ಕೆಲಸ ಅಂತ ಲೆಡ್ಜರಿನಲ್ಲಿ ಬರೆದ ಪೌಂಡುಗಳು ದಶಕಗಳ ನಂತರ ಹೀಗೆ ಮಾತಾಡಿದವು.

ಅದನ್ನು ಓದಿದ ಮೇಲೆ ನನಗೊಂದು ಅಭ್ಯಾಸ ಅಂಟಿದೆ. ಮಗು ಎಷ್ಟೇ ದೊಡ್ಡದಿರಲಿ, "ತಾಯಿ ಕಾರ್ಡ್ ಇದೆಯಾ?" ಅಂತ ಕೇಳುತ್ತೇನೆ. ಈ ಹುಡುಗನ ಅಮ್ಮ ಮಾರನೇ ದಿನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದರು. ಮಡಿಕೆಯಲ್ಲಿ ಹರಿದಿತ್ತು, ಶಾಯಿ ಮಾಸಿತ್ತು. ಹುಟ್ಟಿದ ತೂಕ 2.1 ಕಿಲೋ. "ಅಂಗೈಯಷ್ಟು ಇದ್ದ ಸಾರ್. ಅದಕ್ಕೇ ಚೆನ್ನಾಗಿ ತಿನ್ನಿಸಿದ್ವಿ," ಅಂದರು.

ಸಣ್ಣಗೆ ಹುಟ್ಟಿ ಬೇಗ ದಪ್ಪಗಾದವನು. ಎರಡು ಕಡೆಯಿಂದಲೂ ಪೆಟ್ಟು. ಅಮ್ಮನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಹಾಗಂತ ಉಪವಾಸ ಹಾಕಿಸಲಿಲ್ಲ. ಬೆಳೆಯುವ ಮಗು. ಎರಡು ವರ್ಷ ತೂಕ 64ರಲ್ಲೇ ನಿಂತರೂ ಸಾಕು, ಉಳಿದದ್ದನ್ನು ಎತ್ತರ ನೋಡಿಕೊಳ್ಳುತ್ತದೆ. ಅಷ್ಟರ ಮಟ್ಟಿಗೆ ಅಜ್ಜಿ ಹೇಳಿದ್ದು ಸರಿ. ಟ್ಯೂಷನ್ ಮುಗಿದ ಮೇಲಿನ ಬೇಕರಿ ಪಫ್ಸು, ಜ್ಯೂಸು ನಿಲ್ಲಬೇಕು. ಅವನು ಮೂಲೆ ಬಿಟ್ಟು ಮೈದಾನಕ್ಕೆ ಇಳಿಯಬೇಕು. ಆರು ತಿಂಗಳಿಗೆ ಮತ್ತೆ ಊದಿಸುತ್ತೇವೆ.