ಪಿಟಿಸಿಎಲ್ ಕಾಯ್ದೆ: ಆದೇಶ ಬಂದ ಮೇಲೂ ಸಂಘಟನೆ ಯಾಕೆ ಬೇಕು?

ತುಮಕೂರು ಸೀಮೆಯ ದಲಿತ ಭೂ ಹೋರಾಟ ಓದುವವರು ಮೊದಲು 1978ರ ಪಿಟಿಸಿಎಲ್ ಕಾಯ್ದೆಯನ್ನು, ಅಂದರೆ ಪರಿಶಿಷ್ಟರ ಕೆಲವು ಜಮೀನುಗಳ ಪರಭಾರೆ ನಿಷೇಧಿಸುವ ಕರ್ನಾಟಕದ ಕಾಯ್ದೆಯನ್ನು, ಕೈಗೆತ್ತಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದ್ದರೆ ಕಲಂ 4ರ ಪ್ರಕಾರ ಆ ಕ್ರಯವೇ ಅಸಿಂಧು. ಕಾಯ್ದೆಗೆ ಮುಂಚಿನ ಕ್ರಯವೂ ಮಂಜೂರಾತಿ ಷರತ್ತು ಮೀರಿದ್ದರೆ ನಿಲ್ಲುವುದಿಲ್ಲ. ಜಮೀನು ವಾಪಸ್ ಕೇಳಿ ಕಲಂ 5ರಡಿ ಉಪವಿಭಾಗಾಧಿಕಾರಿಗೆ (ಎ.ಸಿ.) ಅರ್ಜಿ ಹಾಕಬೇಕು. ಪಾವಗಡ, ಶಿರಾ, ಕೊರಟಗೆರೆಯವರಿಗೆ ಆ ಕಚೇರಿ ಇರುವುದು ಮಧುಗಿರಿಯಲ್ಲಿ. ಮೇಲ್ಮನವಿ ಜಿಲ್ಲಾಧಿಕಾರಿಗೆ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಪರೀಕ್ಷೆಗೆ ಇಷ್ಟು ಸಾಕು.

ಊರಲ್ಲಿ ಸಾಲದು. ಅದು ಮಂಜೂರಾದ ಜಮೀನೇ ಎಂದು ತೋರಿಸುವಾಗಲೇ ಎಷ್ಟೋ ಅರ್ಜಿ ಮುಗ್ಗರಿಸುತ್ತವೆ. ಸಾಗುವಳಿ ಚೀಟಿ (ಮಂಜೂರಾತಿ ಪತ್ರ), ದರಖಾಸ್ತು (ಮಂಜೂರಾತಿ ಅರ್ಜಿಯ) ಕಡತ, ಕೈಬರಹದ ಹಳೇ ಪಹಣಿ ಮೂರನ್ನೂ ಹೊಂದಿಸಬೇಕು. ಚೀಟಿಯಲ್ಲಿ ತಾತನ ಹೆಸರು ಬರೀ 'ಹನುಮ', ಪಹಣಿಯಲ್ಲಿ 'ಹನುಮಂತಯ್ಯ', ವಂಶವೃಕ್ಷದಲ್ಲಿ ಮತ್ತೊಂದು ಎಂದುಕೊಳ್ಳಿ. ಎದುರು ವಕೀಲರಿಗೆ ಅಷ್ಟೇ ಸಾಕು. (ದಲಿತರ ಹೆಸರಿಗೆ 'ಅಯ್ಯ' ಸೇರಿಸಿ ಬರೆಯಲು ಆ ಕಾಲದ ಶಾನುಭೋಗರ ಕೈ ಏಳುತ್ತಿತ್ತೇ!) ದಾಖಲೆಯ ನಕಲು ಕೇಳಿ ಅರ್ಜಿ ಬರೆಯುವುದು, ರೆಕಾರ್ಡ್ ರೂಮಿಗೆ ಜೊತೆಗೆ ಹೋಗುವುದು, ವಿಚಾರಣೆಯ ದಿನ ಹತ್ತು ಜನ ಬಂದು ನಿಲ್ಲುವುದು, ದಸಂಸದಂಥ (ದಲಿತ ಸಂಘರ್ಷ ಸಮಿತಿ) ಸಂಘಟನೆಗಳ ತಾಲ್ಲೂಕು ಶಾಖೆಯ ನಿಜವಾದ ಕೆಲಸ ಇದು. ಭಾಷಣಕ್ಕಿಂತ ಇದೇ ದೊಡ್ಡದು ಎನ್ನುತ್ತೇನೆ.

ಆದೇಶ ಬಂದ ಮೇಲಿನ ಕಷ್ಟವೇ ಬೇರೆ. ಸರ್ವೇಯರ್ ಹದ್ದುಬಸ್ತು ಮಾಡಿ (ಗಡಿ ಗುರುತಿಸಿ), ಪೊಲೀಸರು ನಿಂತು ಸ್ವಾಧೀನ ಕೊಡಿಸಿ ಹೋಗುತ್ತಾರೆ. ಮರುದಿನ ಜಮೀನು ವಾಪಸ್ ಪಡೆದ ಮನೆಯವರನ್ನು ಊರಲ್ಲಿ ಕೂಲಿಗೆ ಕರೆಯದಿದ್ದರೆ? ಬಿತ್ತಿದ್ದನ್ನು ದನ ಬಿಟ್ಟು ಮೇಯಿಸಿದರೆ? ಒಂಟಿ ಕುಟುಂಬ ಆಗ ರಾಜಿಗೆ ಬಗ್ಗುತ್ತದೆ. ಕೇರಿಯವರೆಲ್ಲ ಸೇರಿ ನೇಗಿಲು ಹೂಡಿದರೆ ಮಾತು ಬೇರೆ.

ಕಾಯ್ದೆ ತಿದ್ದಿಸಿದ್ದೂ ಹೀಗೇ. ಸುಪ್ರೀಂ ಕೋರ್ಟಿನ 2017ರ ನೆಕ್ಕಂಟಿ ತೀರ್ಪು, ಜಮೀನು ವಾಪಸ್ ಕೇಳುವ ಅರ್ಜಿ 'ಸಮಂಜಸ ಅವಧಿ'ಯೊಳಗೆ ಬರಬೇಕು ಎಂದಿತು. ತಡವಾಗಿ ಹಾಕಿದ ಪ್ರಕರಣಗಳು ಸಾಲಾಗಿ ಬಿದ್ದುಹೋದವು. ಸಂಘಟನೆಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತವು. 2023ರ ತಿದ್ದುಪಡಿ ಇಂಥ ಅರ್ಜಿಗೆ ಕಾಲಮಿತಿ ಅನ್ವಯಿಸದು ಎಂದಿತು. ಆದರೂ ವಿಳಂಬದ ಪ್ರಶ್ನೆಯನ್ನು ಹೈಕೋರ್ಟ್ ಆಮೇಲೂ ಎತ್ತಿದೆ, ಹಾಗಾಗಿ ತೀರ್ಪುಗಳ ದಿನಾಂಕ ನೋಡಿಕೊಂಡೇ ಓದಿ.

ಗುಂಪು ಚರ್ಚೆಗೆ ಒಂದು ಪ್ರಶ್ನೆ: ಕೊಂಡವನೂ ಎರಡೆಕರೆಯ ಬಡ ರೈತನಾಗಿದ್ದರೆ? ಈ ಕಾಯ್ದೆಯಡಿ ಅವನಿಗೆ ಪರಿಹಾರವಿಲ್ಲ. ನನ್ನ ಮಟ್ಟಿಗೆ ಆ ಹೊರೆ ಸರ್ಕಾರದ್ದು, ಮೂಲ ಮಂಜೂರಾತಿ ಪಡೆದ ಕುಟುಂಬದ್ದಲ್ಲ.