ಕಾಲಜನ್ ಡಬ್ಬಿಯ 20 ಗ್ರಾಂ

ಜಿಮ್‌ಗೆ ಹೋಗುವವರು ಬರೆದು ತರುವ ಊಟದ ಪಟ್ಟಿಯಲ್ಲಿ ಈಚೆಗೆ ಒಂದು ಸಾಲು ಪದೇ ಪದೇ ಕಾಣುತ್ತದೆ: ‘ಕಾಲಜನ್, ಎರಡು ಸ್ಕೂಪ್, 20 ಗ್ರಾಂ ಪ್ರೋಟೀನ್.’ ನಾನು ಅದನ್ನು ಹೊಡೆದು ಹಾಕುತ್ತೇನೆ. ಎದುರಿಗಿದ್ದವರ ಮುಖ ಸಣ್ಣದಾಗುತ್ತದೆ. ದುಡ್ಡು ಕೊಟ್ಟಿರುತ್ತಾರೆ, ಪಾಪ.

ಡಬ್ಬಿ ಸುಳ್ಳು ಹೇಳಿಲ್ಲ. ಕಾಲಜನ್ ಪ್ರೋಟೀನೇ, ಪ್ರಾಣಿಗಳ ಚರ್ಮ, ಮೂಳೆಯಲ್ಲಿ ಇರುವಂಥದ್ದು. ಆದರೆ ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದ 9 ಅಮೈನೋ ಆಮ್ಲಗಳಿವೆ (ಪ್ರೋಟೀನ್ ಕಟ್ಟುವ ಬಿಡಿಭಾಗಗಳು ಇವು), ಅವು ಊಟದಿಂದಲೇ ಬರಬೇಕು. ಅವುಗಳಲ್ಲಿ ಟ್ರಿಪ್ಟೊಫ್ಯಾನ್ ಎಂಬುದು ಕಾಲಜನ್‌ನಲ್ಲಿ ಇಲ್ಲ. ಕಡಿಮೆಯಿದೆ ಎಂದಲ್ಲ, ಇಲ್ಲವೇ ಇಲ್ಲ. ಹಾಗಾಗಿ ಪ್ರೋಟೀನಿನ ಗುಣಮಟ್ಟ ಅಳೆಯುವ ಮಾಪನದಲ್ಲಿ ಹಾಲು, ಮೊಟ್ಟೆಗೆ 1 ಅಂಕ ಬಂದರೆ ಇದಕ್ಕೆ ಸೊನ್ನೆ. ಸ್ನಾಯು ಬೆಳವಣಿಗೆಗೆ ಚಾಲನೆ ಕೊಡುವ ಲ್ಯೂಸಿನ್ ಎಂಬ ಅಮೈನೋ ಆಮ್ಲ, ಹಾಲಿನಿಂದ ತೆಗೆಯುವ ‘ವೇ’ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 10 ಪಾಲು, ಕಾಲಜನ್‌ನಲ್ಲಿ 3ರ ಆಸುಪಾಸು. ಇದರಲ್ಲಿ ಹೇರಳವಾಗಿರುವುದು ಗ್ಲೈಸಿನ್, ಪ್ರತಿ ಮೂರು ಅಮೈನೋ ಆಮ್ಲಕ್ಕೆ ಒಂದು. ಅದನ್ನು ದೇಹವೇ ಮಾಡಿಕೊಳ್ಳುತ್ತದೆ. ಮೇಸ್ತ್ರಿ ಇಟ್ಟಿಗೆ ಕೇಳಿದಾಗ ಲಾರಿಗಟ್ಟಲೆ ಮರಳು ತಂದು ಸುರಿದ ಹಾಗೆ.

‘ಟ್ರಿಪ್ಟೊಫ್ಯಾನ್ ಬೇರೆ ಊಟದಲ್ಲಿ ಬರತ್ತಲ್ಲ ಮೇಡಂ?’ ಎಂದು ಚುರುಕಾದವರು ಕೇಳುತ್ತಾರೆ. ಬರುತ್ತದೆ, ಉಳಿದ ಊಟ ಗಟ್ಟಿಯಾಗಿದ್ದರೆ. ನನ್ನ ಹತ್ತಿರ ಬರುವವರಲ್ಲಿ ಬಹಳ ಮಂದಿಗೆ ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ ಸಾರು, ಸಂಜೆ ಈ ಪುಡಿ. ತೂಕ ಎತ್ತುವವರಿಗೆ ದೇಹದ ತೂಕದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ಇದ್ದವರಿಗೆ 96 ಗ್ರಾಂ. ಅದರಲ್ಲಿ 20 ಗ್ರಾಂ ಲೆಕ್ಕದಲ್ಲಿ ಮಾತ್ರ ಇದ್ದರೆ ನಷ್ಟ ಯಾರಿಗೆ?

2015ರ ಜರ್ಮನಿಯ ಅಧ್ಯಯನವನ್ನು ಮೊಬೈಲ್‌ನಲ್ಲಿ ತೋರಿಸುವವರೂ ಇದ್ದಾರೆ. ಸ್ನಾಯು ಕ್ಷೀಣಿಸಿದ್ದ 53 ಹಿರಿಯ ಗಂಡಸರು, 12 ವಾರ ವ್ಯಾಯಾಮ, ದಿನಾ 15 ಗ್ರಾಂ ಕಾಲಜನ್. ಫಲಿತಾಂಶ ಚೆನ್ನಾಗಿಯೇ ಬಂತು. ಆದರೆ ಹೋಲಿಸಿದ್ದು ಪ್ರೋಟೀನೇ ಇಲ್ಲದ ಪುಡಿಯ ಜೊತೆ, ವೇ ಜೊತೆಗಲ್ಲ.

ಸಸ್ಯಾಹಾರಿಗಳದ್ದು ಇನ್ನೊಂದು ಕಥೆ. ಕಾಲಜನ್ ಗಿಡದಲ್ಲಿ ಇರುವುದಿಲ್ಲ. ದನದ ಚರ್ಮ, ಮೂಳೆ, ಮೀನಿನ ಚರ್ಮದಿಂದ ತೆಗೆಯುತ್ತಾರೆ. ಮಲ್ಲೇಶ್ವರದ ಹುಡುಗನೊಬ್ಬ ಡಬ್ಬಿಯ ಮೇಲಿನ ‘ಮರೀನ್’ (ಅಂದರೆ ಮೀನಿನದು) ಎಂಬುದನ್ನು ಕಡಲಪಾಚಿ ಅಂದುಕೊಂಡು ಮನೆಯ ಮಿಕ್ಸಿಯಲ್ಲೇ ಬಾಳೆಹಣ್ಣಿನ ಜೊತೆ ತಿರುಗಿಸುತ್ತಿದ್ದ. ಡಬ್ಬಿಯ ಮೇಲೆ ಮಾಂಸಾಹಾರದ ಗುರುತಾದ ಕಂದು ತ್ರಿಕೋನ ನೋಡಿದ್ದು ಅವರಮ್ಮ. ಜಾರ್ ಆಚೆ ಹೋಯಿತು. ‘ವೆಜ್ ಕಾಲಜನ್’ ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ವಿಟಮಿನ್ ಸಿ, ಒಂದಿಷ್ಟು ಸಸ್ಯಸಾರ ಇರುತ್ತದೆ, ಕಾಲಜನ್ ಇರುವುದಿಲ್ಲ.

ಹಾಗಾದರೆ ಪೂರಾ ದಂಡವೇ? ಹಾಗೂ ಹೇಳಲಾರೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳ ವಿಷಯದಲ್ಲಿ ಸ್ವಲ್ಪ ಆಸೆಯಿದೆ. ಕ್ಯಾಲಿಫೋರ್ನಿಯಾದ ಕೀತ್ ಬಾರ್ ತಂಡ 2017ರಲ್ಲಿ 8 ಜನರಿಗೆ ವಿಟಮಿನ್ ಸಿ ಬೆರೆಸಿದ 15 ಗ್ರಾಂ ಜೆಲಾಟಿನ್ (ಬೇಯಿಸಿ ತೆಗೆದ ಕಾಲಜನ್) ಕೊಟ್ಟು, ಒಂದು ಗಂಟೆ ಬಿಟ್ಟು ಹಗ್ಗ ಜಿಗಿಸಿತು. ರಕ್ತದಲ್ಲಿ ಕಾಲಜನ್ ತಯಾರಿಯ ಸೂಚಕ ದುಪ್ಪಟ್ಟಾಯಿತು. ಎಂಟೇ ಜನ, ಅದೂ ರಕ್ತದ ಸೂಚಕ. ಯಾರ ಮಂಡಿನೋವೂ ವಾಸಿಯಾದ ವರದಿಯಲ್ಲ. ಆದರೂ ಮಂಡಿ, ಹಿಮ್ಮಡಿ ನೋವಿಗೆ ಫಿಸಿಯೋ ಹೇಳಿದ ವ್ಯಾಯಾಮ ತಪ್ಪದೆ ಮಾಡುವವರು, ಕೈಯಲ್ಲಿ ದುಡ್ಡಿದ್ದರೆ, ವ್ಯಾಯಾಮಕ್ಕೆ ಒಂದು ಗಂಟೆ ಮುಂಚೆ ಕಾಲಜನ್‌ಗೆ ನಿಂಬೆಹಣ್ಣು ಹಿಂಡಿ ಕುಡಿಯಲಿ, ನನ್ನ ಅಡ್ಡಿಯಿಲ್ಲ. ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಆದರೆ ಕಾಲಜನ್ ಅನ್ನು ಪಟ್ಟಿಯ ಪ್ರೋಟೀನ್ ಕಾಲಂನಲ್ಲಿ ಬರೆಯಬೇಡಿ.

‘ಕಾಲು ಸೂಪ್ ಕುಡಿದರೆ ಆಗಲ್ವಾ?’ ಎನ್ನುವವರಿಗೆ: ಧಾರಾಳವಾಗಿ ಕುಡಿಯಿರಿ, ಮೆಣಸು ಜಾಸ್ತಿ ಹಾಕಿ. ಅದರಲ್ಲಿ ಎಷ್ಟು ಗ್ರಾಂ ಎಂದು ರಾತ್ರಿ ಹತ್ತಕ್ಕೆ ನನಗೆ ವಾಟ್ಸ್‌ಆ್ಯಪ್ ಮಾಡಬೇಡಿ.